ಇಟಲಿಯ ಪೊಲ್ಪೆತ್ತೆ: ಮಾಂಸದುಂಡೆ ಮೆತ್ತಗಾಗುವುದು ಹೇಗೆ, ಹಲಾಲ್ ಆಗುವುದು ಹೇಗೆ?

ಸ್ವಲ್ಪ ಮಾಂಸದಲ್ಲಿ ಇಡೀ ಮನೆಯ ಹೊಟ್ಟೆ ತುಂಬಿಸುವ ಉಪಾಯ ಎಲ್ಲ ದೇಶಗಳ ತಾಯಂದಿರಿಗೂ ಗೊತ್ತು. ನಮ್ಮ ಮನೆಗಳಲ್ಲಿ ಅದರ ಹೆಸರು ಕೋಫ್ತಾ. ಇಟಲಿಯಲ್ಲಿ ಅದೇ ಪೊಲ್ಪೆತ್ತೆ. ಕೊಚ್ಚಿದ ಮಾಂಸಕ್ಕೆ ಹಾಲಿನಲ್ಲಿ ನೆನೆಸಿದ ಹಳೆಯ ರೊಟ್ಟಿ ಸೇರಿಸಿ, ಉಂಡೆ ಕಟ್ಟಿ, ಟೊಮೆಟೊ ಸಾಸ್‌ನಲ್ಲಿ ಸಣ್ಣ ಉರಿಯಲ್ಲಿ ಬೇಯಿಸುವ ಅಡುಗೆ ಅದು.

ಇಂದು ನಮ್ಮ ಮಕ್ಕಳಿಗೆ ಈ ತಿನಿಸು ಹೊಸದಲ್ಲ. ನಗರದ ಹೋಟೆಲುಗಳಲ್ಲಿ, ಮೊಬೈಲ್‌ನ ಅಡುಗೆ ವೀಡಿಯೊಗಳಲ್ಲಿ ನೋಡಿ ಮನೆಯಲ್ಲೂ ಬೇಕು ಎನ್ನುತ್ತಾರೆ. ಓದಲು, ದುಡಿಯಲು ಯುರೋಪಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗಂತೂ ಇದು ಕಣ್ಣೆದುರಿಗೇ ಬರುತ್ತದೆ. ಆಗ ಎರಡು ಪ್ರಶ್ನೆಗಳು ಏಳುತ್ತವೆ. ಹೊರಗೆ ಸಿಗುವುದನ್ನು ನಂಬಿ ತಿನ್ನಬಹುದೇ? ಮನೆಯಲ್ಲಿ ಮಾಡಿದರೆ ಉಂಡೆ ಕಲ್ಲಿನಂತೆ ಗಟ್ಟಿಯಾಗುವುದೇಕೆ? ಈ ಎರಡಕ್ಕೂ ಉತ್ತರ ಕಂಡುಕೊಂಡರೆ, ದುಬಾರಿಯಾಗಿರುವ ಮಾಂಸವನ್ನು ಮಿತವಾಗಿ ಬಳಸಿ ಆರು ಜನರಿಗೆ ಬಡಿಸುವ ಒಂದು ಒಳ್ಳೆಯ ಅಡುಗೆ ನಮ್ಮ ಕೈಗೆ ಬರುತ್ತದೆ.

ಬಗ್ದಾದಿನಿಂದ ಮಿಲಾನ್‌ವರೆಗೆ

ಮಾಂಸವನ್ನು ಅರೆದು ಉಂಡೆ ಕಟ್ಟುವ ಕಲೆ ಯಾವುದೇ ಒಂದು ದೇಶದ ಸ್ವತ್ತಲ್ಲ. 'ಕೋಫ್ತಾ' ಎಂಬ ಪದವೇ ಕುಟ್ಟುವುದು, ಅರೆಯುವುದು ಎಂಬ ಅರ್ಥದ ಪಾರ್ಸಿ ಮಾತಿನಿಂದ ಬಂದಿದೆ. 1226ರಲ್ಲಿ ಬಗ್ದಾದಿನ ಮುಹಮ್ಮದ್ ಬಿನ್ ಅಲ್ ಹಸನ್ ಅಲ್ ಬಗ್ದಾದಿ ಅವರು 'ಕಿತಾಬ್ ಅಲ್ ತಬೀಖ್' ಎಂಬ ಅಡುಗೆ ಗ್ರಂಥವನ್ನು ರಚಿಸಿದರು. ಮಸಾಲೆ ಸೇರಿಸಿ ಅರೆದ ಮಾಂಸವನ್ನು ಉಂಡೆ ಕಟ್ಟಿ ಸಾರಿನಲ್ಲಿ ಬೇಯಿಸುವ ಕ್ರಮ ಅದರಲ್ಲಿದೆ.

ಅರಬಿಯಲ್ಲಿ 'ಬುಂದುಕ್' ಎಂದರೆ ಹೇಝಲ್ ಕಾಯಿ. ಆ ಕಾಯಿಯಂತೆ ದುಂಡಗಿರುವ ಮಾಂಸದುಂಡೆಗೆ ಮುಸ್ಲಿಮ್ ಆಳ್ವಿಕೆಯ ಸ್ಪೇನಿನಲ್ಲಿ 'ಅಲ್ ಬುಂದುಕ್' ಎಂಬ ಹೆಸರು ಬಂತು. ಸ್ಪೇನಿನವರು ಇಂದಿಗೂ ಮಾಂಸದುಂಡೆಯನ್ನು 'ಅಲ್ಬೊಂದಿಗಾ' ಎಂದೇ ಕರೆಯುತ್ತಾರೆ. 16 ಮತ್ತು 17ನೇ ಶತಮಾನಗಳಲ್ಲಿ ಉತ್ತರ ಇಟಲಿಯ ಮಿಲಾನ್ ನಗರ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿ ಬೇಯಿಸಿ ಉಳಿದ ಮಾಂಸದಿಂದ ಮಾಡುವ ಉಂಡೆಗೆ 'ಮೊಂದೆಗಿಲಿ' ಎಂಬ ಹೆಸರಿದೆ. ಅದು ಆ ಸ್ಪ್ಯಾನಿಷ್ ಪದದಿಂದಲೇ ಹುಟ್ಟಿದ್ದು. ಹೀಗೆ ಮಿಲಾನಿನ ಮುದುಕಿಯ ಬಾಯಲ್ಲಿ ಒಂದು ಅರಬಿ ಪದ ರೂಪ ಬದಲಿಸಿಕೊಂಡು ಈಗಲೂ ಉಳಿದಿದೆ.

ದಕ್ಷಿಣದ ಸಿಸಿಲಿ ದ್ವೀಪದ ಕಥೆ ಬೇರೆ. 827ರಲ್ಲಿ ಅಲ್ಲಿಗೆ ಮುಸ್ಲಿಮ್ ಸೇನೆ ಕಾಲಿಟ್ಟಿತು. 1091ರಲ್ಲಿ ಕೊನೆಯ ಕೋಟೆಯೂ ನಾರ್ಮನ್ನರ ವಶವಾಗುವ ತನಕ ಅರಬರ ಪ್ರಭಾವ ಅಲ್ಲಿನ ಹೊಲ, ತೋಟ, ಅಡುಗೆಮನೆಗಳಲ್ಲಿ ಬೇರೂರಿತು. ಕಬ್ಬು, ನಿಂಬೆ ಜಾತಿಯ ಹಣ್ಣುಗಳು ಅಲ್ಲಿ ಬೆಳೆದವು. ಭೂಗೋಳ ವಿದ್ವಾಂಸ ಅಲ್ ಇದ್ರೀಸಿ ಅವರು 1154ರಲ್ಲಿ ಮುಗಿಸಿದ ತಮ್ಮ ಗ್ರಂಥದಲ್ಲಿ, ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಿನಲ್ಲಿ 'ಇತ್ರಿಯಾ' ಎಂಬ ಒಣ ಶಾವಿಗೆಯನ್ನು ತಯಾರಿಸಿ ದೂರದ ನಾಡುಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ಸಿಸಿಲಿಯ ಮಾಂಸದುಂಡೆಗೆ ಒಣದ್ರಾಕ್ಷಿ ಮತ್ತು ಚಿಲ್ಗೋಝ ಜಾತಿಯ ಕಾಯಿಯ ಬೀಜವನ್ನು ಹಾಕುವ ರೂಢಿಯಲ್ಲೂ ಆ ಕಾಲದ ನೆರಳು ಕಾಣುತ್ತದೆ.

ಟೊಮೆಟೊ ಮಾತ್ರ ಇವೆಲ್ಲಕ್ಕಿಂತ ತಡವಾಗಿ ಬಂದ ಅತಿಥಿ. ಅದರ ತವರು ಅಮೆರಿಕ ಖಂಡ. 16ನೇ ಶತಮಾನದಲ್ಲಿ ಯುರೋಪಿಗೆ ಬಂದರೂ ಬಹುಕಾಲ ಜನ ಅದನ್ನು ಅನುಮಾನದಿಂದಲೇ ನೋಡಿದರು. ನೇಪಲ್ಸ್‌ನಲ್ಲಿ 1692ರಿಂದ 1694ರ ನಡುವೆ ಅಚ್ಚಾದ ಅಂತೋನಿಯೊ ಲತೀನಿ ಎಂಬವರ ಗ್ರಂಥದಲ್ಲಿ 'ಸ್ಪೇನಿನ ಬಗೆಯ' ಟೊಮೆಟೊ ಸಾಸ್‌ನ ಕ್ರಮ ಕಾಣಿಸುತ್ತದೆ. ಮುಂದೆ ದಕ್ಷಿಣ ಇಟಲಿಯಲ್ಲಿ ಟೊಮೆಟೊ ಇಲ್ಲದ ಅಡುಗೆಮನೆಯೇ ಇಲ್ಲ ಎಂಬಂತಾಯಿತು.

1891ರಲ್ಲಿ ಪೆಲ್ಲೆಗ್ರೀನೊ ಆರ್ತೂಸಿ ಎಂಬವರು ಇಟಲಿಯ ಮನೆ ಅಡುಗೆಗಳನ್ನು ಒಂದು ಗ್ರಂಥದಲ್ಲಿ ಸಂಗ್ರಹಿಸಿ ತಮ್ಮದೇ ಖರ್ಚಿನಲ್ಲಿ ಪ್ರಕಟಿಸಿದರು. ಪೊಲ್ಪೆತ್ತೆ ಮಾಡಲು ಬಾರದವರು ಯಾರೂ ಇಲ್ಲ ಎಂದು ಅವರು ತಮಾಷೆ ಮಾಡಿದ್ದಾರೆ. ಆದರೆ ಅವರು ಹೇಳಿದ ಒಂದು ಸಣ್ಣ ಸಂಗತಿಯಲ್ಲೇ ಈ ಅಡುಗೆಯ ಜೀವ ಇದೆ: ಹಾಲಿನಲ್ಲೋ ಸಾರಿನಲ್ಲೋ ಬೇಯಿಸಿದ ರೊಟ್ಟಿಯ ಗಂಜಿಯನ್ನು ಮಾಂಸಕ್ಕೆ ಸೇರಿಸಬೇಕು.

ಸ್ಪಾಗೆಟ್ಟಿ ಶಾವಿಗೆಯ ರಾಶಿಯ ಮೇಲೆ ದೊಡ್ಡ ಮಾಂಸದುಂಡೆಗಳನ್ನಿಟ್ಟು ಬಡಿಸುವ ಚಿತ್ರ ನಾವೆಲ್ಲ ನೋಡಿದ್ದೇವೆ. ಅದು ಇಟಲಿಗಿಂತ ಹೆಚ್ಚಾಗಿ ಅಮೆರಿಕದ ರೂಢಿ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಲಿಯನ್ನರು, ಬಹುಪಾಲು ದಕ್ಷಿಣದ ಬಡವರು, ಅಮೆರಿಕಕ್ಕೆ ವಲಸೆ ಹೋದರು. ತವರಿನಲ್ಲಿ ಹಬ್ಬಕ್ಕಷ್ಟೇ ಕಾಣುತ್ತಿದ್ದ ಮಾಂಸ ಅಲ್ಲಿ ಕೈಗೆಟಕುವ ಬೆಲೆಗೆ ಸಿಕ್ಕಿತು. ಉಂಡೆಗಳು ದೊಡ್ಡದಾದವು, ಶಾವಿಗೆಯ ಜೊತೆ ಒಂದೇ ತಟ್ಟೆಗೆ ಬಂದವು. ಇಟಲಿಯ ಬಹುತೇಕ ಮನೆಗಳಲ್ಲಿ ಪೊಲ್ಪೆತ್ತೆ ಬೇರೆಯೇ ತಟ್ಟೆಯಲ್ಲಿ, ರೊಟ್ಟಿಯ ಜೊತೆ ಬರುತ್ತದೆ. ಅಬ್ರುಝ್ಝೊ ಪ್ರಾಂತ್ಯದ ತೆರಾಮೊ ಕಡೆ ಮಾತ್ರ ಗೋಲಿಗಿಂತ ಚಿಕ್ಕ ಉಂಡೆಗಳನ್ನು ಶಾವಿಗೆಯೊಂದಿಗೆ ಬೆರೆಸುವ ಹಳೆಯ ಪದ್ಧತಿ ಇದೆ.

ಹಲಾಲ್ ಆಗಬೇಕಾದರೆ ಗಮನಿಸಬೇಕಾದ ಮೂರು ಸಂಗತಿಗಳು

ಮೊದಲನೆಯದು ಮಾಂಸ. ಇಟಲಿಯ ಅನೇಕ ಮನೆಗಳಲ್ಲಿ ದನದ ಮಾಂಸಕ್ಕೆ ಹಂದಿ ಮಾಂಸವನ್ನು ಬೆರೆಸುತ್ತಾರೆ. ಆರ್ತೂಸಿಯವರ ಕ್ರಮದಲ್ಲೂ ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸದ ಒಂದು ಹೋಳು ಇದೆ. ಹುರಿಯಲು ಹಂದಿಯ ಕೊಬ್ಬನ್ನು ಬಳಸುವ ಪದ್ಧತಿಯೂ ಇತ್ತು. ಆದ್ದರಿಂದ ಹೊರದೇಶದ ಹೋಟೆಲುಗಳಲ್ಲಿ 'ಇದು ದನದ ಮಾಂಸ' ಎಂಬ ಉತ್ತರವೊಂದೇ ಸಾಲದು. ಬೇರೆ ಏನು ಬೆರೆಸಿದ್ದಾರೆ, ಯಾವುದರಲ್ಲಿ ಹುರಿದಿದ್ದಾರೆ, ಝಬೀಹ ಮಾಡಿದ ಮಾಂಸವೇ ಎಂದು ಕೇಳಬೇಕು. ಮಾಂಸದಂಗಡಿಯಲ್ಲಿ ಎಲ್ಲ ಮಾಂಸವನ್ನೂ ಕೊಚ್ಚುವ ಯಂತ್ರ ಒಂದೇ ಇರಬಹುದು. ಹಾಗಾಗಿ ಅಲ್ಲಿರುವ ನಮ್ಮ ಮಕ್ಕಳು ಖೀಮಾವನ್ನು ಹಲಾಲ್ ಅಂಗಡಿಯಿಂದಲೇ ತರುವುದು ಒಳ್ಳೆಯದು.

ಎರಡನೆಯದು ವೈನ್. ಮಾಂಸ ಹುರಿದ ಪಾತ್ರೆಗೆ ಅರ್ಧ ಲೋಟ ವೈನ್ ಸುರಿದು ತಳದ ಸಾರವನ್ನು ಬಿಡಿಸಿಕೊಳ್ಳುವುದು ಇಟಲಿಯ ಅನೇಕ ಸಾಸ್‌ಗಳಲ್ಲಿ ಉಂಟು. 'ಕುದಿಸಿದರೆ ಮದ್ಯದ ಅಂಶ ಹಾರಿಹೋಗುತ್ತದೆ' ಎಂದು ಹಲವರು ಸಮಾಧಾನ ಹೇಳುತ್ತಾರೆ. ಅದು ನಿಜವಲ್ಲ. ಅರ್ಧ ಗಂಟೆ ಕುದಿಸಿದ ಮೇಲೂ ಮದ್ಯಸಾರದ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಹೇಳುತ್ತದೆ. ಎರಡೂವರೆ ಗಂಟೆಯ ನಂತರವೂ ಶೇ. 5ರಷ್ಟು ಇರುತ್ತದೆ. ಉಳಿಯುವ ಪ್ರಮಾಣ ಎಷ್ಟೇ ಇರಲಿ, ಅಡುಗೆಗೆ ಅದನ್ನು ಸುರಿಯುವುದೇ ನಮಗೆ ಸಲ್ಲದು. ಅದರ ಬದಲು ಬಿಸಿನೀರಿಗೆ ಒಂದು ಟೀ ಚಮಚ ಸಿರ್ಕಾ ಬೆರೆಸಿ ಹಾಕಿದರೆ ಪಾತ್ರೆಯ ತಳದ ಸಾರವೂ ಬಿಡುತ್ತದೆ, ಹುಳಿಯೂ ಸಿಗುತ್ತದೆ. ಪ್ರವಾದಿ(ಸ)ರವರು ಸಿರ್ಕಾವನ್ನು ಒಳ್ಳೆಯ ವ್ಯಂಜನವೆಂದು ಮೆಚ್ಚಿದ್ದು ಹದೀಸ್‌ನಲ್ಲಿ ಬಂದಿದೆ.

ಮೂರನೆಯದು ಚೀಸ್. ಪೊಲ್ಪೆತ್ತೆಗೆ ಪಾರ್ಮೆಸಾನ್ ಅಥವಾ ಪೆಕೊರಿನೊ ಎಂಬ ಗಟ್ಟಿ ಚೀಸನ್ನು ತುರಿದು ಹಾಕುತ್ತಾರೆ. ಹಾಲನ್ನು ಒಡೆಸಿ ಗಟ್ಟಿ ಮಾಡಲು ಪಾರ್ಮೆಸಾನ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ರೋಮ್ ಬಗೆಯ ಪೆಕೊರಿನೊಗೆ ಕುರಿಮರಿಯ ರೆನೆಟ್ ಬಳಸುತ್ತಾರೆ. ಝಬೀಹ ಮಾಡದ ಪ್ರಾಣಿಯ ರೆನೆಟ್ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯ ಒಂದೇ ಅಲ್ಲ. ಇಮಾಮ್ ಅಬೂ ಹನೀಫಾ(ರ)ರು ಅದನ್ನು ಶುದ್ಧವೆಂದು ಕಂಡರು. ಶಾಫಿಈ ಸೇರಿದಂತೆ ಇತರ ಮದ್‌ಹಬ್‌ಗಳ ಬಹುತೇಕ ವಿದ್ವಾಂಸರು ಹಾಗೆ ಭಾವಿಸುವುದಿಲ್ಲ. ನಮ್ಮ ಕರಾವಳಿಯ ಬ್ಯಾರಿ, ನವಾಯತ್ ಕುಟುಂಬಗಳು ಶಾಫಿಈ ಪದ್ಧತಿಯವರು, ಘಟ್ಟದ ಮೇಲಿನ ಬಹುತೇಕರು ಹನಫಿಗಳು. ಒಂದೇ ಮದುವೆ ಮನೆಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಕೂತು ಉಣ್ಣುವ ನಮ್ಮಂಥವರಿಗೆ ಸುಲಭದ ದಾರಿ ಒಂದಿದೆ. ಪ್ರಾಣಿಯ ರೆನೆಟ್ ಬಳಸದ, ಸೂಕ್ಷ್ಮಾಣುಗಳಿಂದ ತಯಾರಿಸಿದ ರೆನೆಟ್‌ನ ಚೀಸ್ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ಅದನ್ನು ಬರೆದಿರುತ್ತಾರೆ. ಓದಿ ಕೊಂಡರೆ ಯಾರಿಗೂ ಸಂಕೋಚವಿಲ್ಲ. ಸಂಶಯ ಉಳಿದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ.

ಉಂಡೆ ಗಟ್ಟಿಯಾಗುವುದೇಕೆ?

ಮಾಂಸ ಎಂದರೆ ಮುಖ್ಯವಾಗಿ ಪ್ರೋಟೀನಿನ ಎಳೆಗಳು, ನೀರು ಮತ್ತು ಕೊಬ್ಬು. ಬಿಸಿ ತಾಗಿದಾಗ ಎಳೆಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅವು ಒದ್ದೆ ಬಟ್ಟೆ ಹಿಂಡಿದಂತೆ ಒಳಗಿನ ರಸವನ್ನು ಹೊರಕ್ಕೆ ತಳ್ಳುತ್ತವೆ. ಖೀಮಾದ ಉಂಡೆಯನ್ನು ಒಳಗಿನವರೆಗೂ ಬೇಯಿಸಲೇಬೇಕು. ಕೊಚ್ಚುವಾಗ ಮೇಲ್ಮೈಯ ರೋಗಾಣುಗಳು ಒಳಗೂ ಸೇರಿರುತ್ತವೆ, ಹಾಗಾಗಿ ಉಂಡೆಯ ನಡುಭಾಗ 71 ಡಿಗ್ರಿ ಮುಟ್ಟುವುದು ಸುರಕ್ಷಿತ. ಬರಿಯ ಮಾಂಸದ ಉಂಡೆ ಅಷ್ಟು ಬೆಂದಾಗ ರಸ ಕಳೆದುಕೊಂಡು ರಬ್ಬರಿನಂತಾಗುತ್ತದೆ.

ಇಲ್ಲಿ ಹಳೆಯ ರೊಟ್ಟಿ ಸಹಾಯಕ್ಕೆ ಬರುತ್ತದೆ. ಹಾಲಿನಲ್ಲಿ ನೆನೆದ ರೊಟ್ಟಿಯ ಪಿಷ್ಟ ಮೆತ್ತನೆಯ ಗಂಜಿಯಾಗಿ ಮಾಂಸದ ಕಣಗಳ ನಡುವೆ ಕೂರುತ್ತದೆ. ಪ್ರೋಟೀನಿನ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯಲು ಬಿಡುವುದಿಲ್ಲ. ಮಾಂಸ ಬಿಟ್ಟ ರಸವನ್ನು ತಾನೇ ಹೀರಿ ಉಂಡೆಯೊಳಗೆ ಹಿಡಿದಿಡುತ್ತದೆ. ಒಣ ರೊಟ್ಟಿ ಪುಡಿಯನ್ನು ನೇರವಾಗಿ ಹಾಕಿದರೆ ಈ ಕೆಲಸ ಆಗುವುದಿಲ್ಲ. ಒಣಪುಡಿ ಮಾಂಸದ ನೀರನ್ನೇ ಕುಡಿದು ಉಂಡೆಯನ್ನು ಇನ್ನಷ್ಟು ಒಣಗಿಸುತ್ತದೆ. ರೊಟ್ಟಿ ಮೊದಲು ಹಾಲು ಕುಡಿದಿರಬೇಕು.

ಎರಡನೆಯ ಕಾರಣ ನಮ್ಮ ಕೈ. ಸೀಖ್ ಕಬಾಬ್ ಮಾಡುವಾಗ ಖೀಮಾಕ್ಕೆ ಉಪ್ಪು ಹಾಕಿ ಚೆನ್ನಾಗಿ ನಾದುತ್ತೇವೆ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುತ್ತದೆ, ನಾದಿದಷ್ಟೂ ಅಂಟು ಹೆಚ್ಚುತ್ತದೆ. ಕಬಾಬ್ ಕಂಬಿಯಿಂದ ಜಾರದಿರಲು ಆ ಅಂಟು ಬೇಕು. ಪೊಲ್ಪೆತ್ತೆಗೆ ಅದು ಬೇಡ. ಕಬಾಬಿಗೆ ಒಳ್ಳೆಯದಾದ ಅಭ್ಯಾಸವೇ ಇಲ್ಲಿ ಉಂಡೆಯನ್ನು ಕೆಡಿಸುತ್ತದೆ. ನಮ್ಮ ಅಡುಗೆಮನೆಯಲ್ಲಿ ಪಳಗಿದ ಕೈಗಳೂ ಇಲ್ಲಿ ಎಡವುವುದು ಇದೇ ಕಾರಣಕ್ಕೆ.

ಮೂರನೆಯದು ಕೊಬ್ಬು. ಕೊಬ್ಬು ಪೂರ್ತಿ ತೆಗೆಸಿದ ಮಟನ್ ಖೀಮಾ ಆರೋಗ್ಯಕ್ಕೆ ಹಿತ ಎನಿಸಬಹುದು, ಆದರೆ ಉಂಡೆ ಪುಡಿಪುಡಿಯಾಗಿ ಒಣಗುತ್ತದೆ. 400 ಗ್ರಾಂ ಮಾಂಸಕ್ಕೆ 100 ಗ್ರಾಂ ಚರ್ಬಿ ಸರಿಯಾದ ಅಳತೆ. ಅಂಗಡಿಯವರಿಗೆ ಹೇಳಿ ಎರಡನ್ನೂ ಒಟ್ಟಿಗೆ, ಒಂದೇ ಸಲ ಕೊಚ್ಚಿಸಿ. ಎರಡೆರಡು ಸಲ ಕೊಚ್ಚಿಸಿದರೆ ಖೀಮಾ ಹಿಟ್ಟಿನಂತಾಗುತ್ತದೆ. ಕೋಳಿಯ ಖೀಮಾ ಬಳಸುವವರು ಎದೆಯ ಮಾಂಸದ ಬದಲು ಕಾಲಿನ ಮಾಂಸವನ್ನು ಕೊಚ್ಚಿಸಲಿ.

ನಾಲ್ಕನೆಯದು ಉರಿ. ಕೊತಕೊತ ಕುದಿಯುವ ಸಾಸ್‌ನಲ್ಲಿ ಉಂಡೆ ಬಿಗಿಯುತ್ತದೆ, ಒಡೆಯುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿ ಸಾಕು. ಸಮಯ ಉಳಿಸಲು ಕುಕ್ಕರ್‌ನಲ್ಲಿ ಸೀಟಿ ಹೊಡೆಸುವ ಆಸೆ ಬೇಡ. ಕುಕ್ಕರ್‌ನ ಶಾಖ 100 ಡಿಗ್ರಿಯನ್ನೂ ದಾಟುವುದರಿಂದ ಉಂಡೆಯಲ್ಲಿ ಉಳಿಯಬೇಕಾದ ರಸವೆಲ್ಲ ಸಾಸ್‌ಗೆ ಇಳಿದುಹೋಗುತ್ತದೆ.

ಬೇಕಾಗುವ ಸಾಮಗ್ರಿ

ಆರು ಜನರಿಗೆ, ಸುಮಾರು 24 ಉಂಡೆಗಳಿಗೆ ಈ ಅಳತೆ.

ಉಂಡೆಗೆ: ಚರ್ಬಿ ಸೇರಿದ ಮಟನ್ ಖೀಮಾ 500 ಗ್ರಾಂ. ಅಂಚು ತೆಗೆದ ಹಳೆಯ ಬ್ರೆಡ್ ಅಥವಾ ಪಾವ್ 100 ಗ್ರಾಂ. ಹಾಲು 150 ಮಿಲಿ ಲೀಟರ್. ಮೊಟ್ಟೆ 1. ತುರಿದ ಚೀಸ್ 50 ಗ್ರಾಂ. ಮಧ್ಯಮ ಗಾತ್ರದ ಈರುಳ್ಳಿ 1. ಬೆಳ್ಳುಳ್ಳಿ 2 ಎಸಳು. ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪು 2 ದೊಡ್ಡ ಚಮಚ. ಉಪ್ಪು ಒಂದೂಕಾಲು ಟೀ ಚಮಚ. ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ. ತುರಿದ ಜಾಯಿಕಾಯಿ ಒಂದು ಚಿಟಿಕೆ. ಪಾರ್ಸ್ಲಿ ಸಿಗದಿದ್ದರೆ ಏಳೆಂಟು ಪುದೀನ ಎಲೆ ಸಾಕು, ಸಿಸಿಲಿಯಲ್ಲೂ ಪುದೀನ ಹಾಕುವವರಿದ್ದಾರೆ. ಚೀಸ್‌ನಲ್ಲಿ ಉಪ್ಪಿರುವುದರಿಂದ ಉಪ್ಪಿನ ಕೈ ಬಿಗಿಯಾಗಿರಲಿ.

ಸಾಸ್‌ಗೆ: ಚೆನ್ನಾಗಿ ಹಣ್ಣಾದ ಟೊಮೆಟೊ 1 ಕಿಲೊ. ಆಲಿವ್ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ 3 ದೊಡ್ಡ ಚಮಚ. ಸಣ್ಣ ಈರುಳ್ಳಿ 1. ಬೆಳ್ಳುಳ್ಳಿ 2 ಎಸಳು. ಅರ್ಧ ಕ್ಯಾರೆಟ್. ಉಪ್ಪು 1 ಟೀ ಚಮಚ. ಸಿರ್ಕಾ 1 ಟೀ ಚಮಚ. ಬೇಸಿಲ್ ಎಲೆ ಹತ್ತು. ಹುರಿಯಲು ಎಣ್ಣೆ ಬೇರೆ.

ಇಟಲಿಯವರು ಸಾಸ್‌ಗೆ ಉದ್ದನೆಯ, ತಿರುಳು ಹೆಚ್ಚಿರುವ ಟೊಮೆಟೊ ಆರಿಸುತ್ತಾರೆ. ವೆಸೂವಿಯಸ್ ಜ್ವಾಲಾಮುಖಿಯ ಸುತ್ತಲಿನ ಸೀಮೆಯಲ್ಲಿ ಬೆಳೆಯುವ ಸಾನ್ ಮಾರ್ಝಾನೊ ತಳಿಗೆ ಹೆಸರು ಹೆಚ್ಚು. 1996ರಿಂದ ಆ ಹೆಸರಿಗೆ ಯುರೋಪಿನ ಕಾನೂನಿನ ರಕ್ಷಣೆ ಇದೆ. ನಮ್ಮ ಸಂತೆಯಲ್ಲಿ ಗುಂಡಗಿನ ಹುಳಿ ನಾಟಿ ಟೊಮೆಟೊಗಿಂತ ಮೊಟ್ಟೆಯಾಕಾರದ ಗಟ್ಟಿ ಹಣ್ಣು ಇದಕ್ಕೆ ಹೊಂದುತ್ತದೆ. ಅದರಲ್ಲಿ ನೀರು ಕಡಿಮೆ.

ಬೇಸಿಲ್ ಎಂದರೆ ಹೆದರಬೇಕಿಲ್ಲ. ಅದು ನಮ್ಮ ಕಾಮಕಸ್ತೂರಿಯ ಜಾತಿಯದೇ ಗಿಡ. ರಮಝಾನ್‌ನಲ್ಲಿ ಶರಬತ್ತಿಗೆ ಹಾಕುವ ಸಬ್ಜಾ ಬೀಜ ಇದೇ ಗಿಡದ್ದು. ನಮ್ಮ ತಳಿಯ ಎಲೆಯ ಘಾಟು ಸ್ವಲ್ಪ ಜಾಸ್ತಿ ಇರುವುದರಿಂದ ನಾಲ್ಕೈದು ಎಲೆ ಸಾಕು.

ಮಾಡುವ ಕ್ರಮ

ಮೊದಲು ರೊಟ್ಟಿ. ಬ್ರೆಡ್ಡನ್ನು ಚೂರು ಮಾಡಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ, ಬೆರಳಿನಿಂದ ಕಿವುಚಿ ಗಂಟಿಲ್ಲದ ಗಂಜಿ ಮಾಡಿ. ಹಾಲು ಪಾತ್ರೆಯಲ್ಲಿ ನಿಂತಿದ್ದರೆ ಅದನ್ನಷ್ಟೇ ಬಸಿಯಿರಿ, ಗಟ್ಟಿಯಾಗಿ ಹಿಂಡಬೇಡಿ.

ಈರುಳ್ಳಿಯನ್ನು ಬಹಳ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಬಣ್ಣ ಬದಲಾಗದಂತೆ ಮೆತ್ತಗಾಗುವವರೆಗೆ ಬಾಡಿಸಿ ಆರಿಸಿ. ಹಸಿ ಈರುಳ್ಳಿ ಉಂಡೆಯೊಳಗೆ ನೀರು ಬಿಟ್ಟು ಅದನ್ನು ಒಡೆಯುತ್ತದೆ.

ರೊಟ್ಟಿಯ ಗಂಜಿಗೆ ಮೊಟ್ಟೆ, ಚೀಸ್, ಆರಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಸೊಪ್ಪು, ಉಪ್ಪು, ಕಾಳುಮೆಣಸು, ಜಾಯಿಕಾಯಿ ಹಾಕಿ ಚೆನ್ನಾಗಿ ಕಲಸಿ. ನಾದುವ ಕೆಲಸವೆಲ್ಲ ಇಲ್ಲೇ ಮುಗಿಯಲಿ. ತಣ್ಣಗಿರುವ ಖೀಮಾವನ್ನು ಕೊನೆಗೆ ಸೇರಿಸಿ, ಬೆರಳುಗಳನ್ನು ಅಗಲಿಸಿ ಹಗುರವಾಗಿ ಒಂದು ನಿಮಿಷ ಬೆರೆಸಿ. ಬಿಳಿ ಗಂಜಿ ಬೇರೆಯಾಗಿ ಕಾಣದಿದ್ದರೆ ಸಾಕು, ಕೈ ತೆಗೆಯಿರಿ.

ಒಂದು ಚಿಕ್ಕ ತುಣುಕನ್ನು ಹುರಿದು ರುಚಿ ನೋಡಿ. ಹಸಿ ಖೀಮಾವನ್ನು ನಾಲಿಗೆಗೆ ಹಚ್ಚುವುದು ಬೇಡ. ಉಪ್ಪು ಸಾಲದಿದ್ದರೆ ಈಗಲೇ ಸರಿಪಡಿಸಬಹುದು. ನಂತರ ಮಿಶ್ರಣವನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಚರ್ಬಿ ಗಟ್ಟಿಯಾಗಿ ಉಂಡೆ ಕಟ್ಟಲು ಸುಲಭವಾಗುತ್ತದೆ.

ಅಷ್ಟರಲ್ಲಿ ಸಾಸ್. ಟೊಮೆಟೊಗಳನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದು ಸಿಪ್ಪೆ ಸುಲಿಯಿರಿ. ಕೈಯಿಂದ ಹಿಸುಕಿ ಅಥವಾ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ. ನುಣ್ಣಗೆ ರುಬ್ಬಿದರೆ ಬಣ್ಣ ಮಂಕಾಗುತ್ತದೆ. ಅಗಲ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ, ತುರಿದ ಕ್ಯಾರೆಟ್ ಬಾಡಿಸಿ, ಬೆಳ್ಳುಳ್ಳಿ ಹಾಕಿ ಪರಿಮಳ ಬಂದೊಡನೆ ಟೊಮೆಟೊ ಮತ್ತು ಉಪ್ಪು ಸೇರಿಸಿ. ಮುಚ್ಚಳ ತೆಗೆದು 20ರಿಂದ 25 ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಎಣ್ಣೆ ಅಂಚಿನಲ್ಲಿ ಕಾಣಿಸಿಕೊಳ್ಳಬೇಕು. ಹುಳಿ ತಗ್ಗಿಸಲು ಕ್ಯಾರೆಟ್ಟಿನ ಸಿಹಿಯೇ ಸಾಕು. ಗರಂ ಮಸಾಲೆ, ಅರಿಶಿನ ಯಾವುದೂ ಬೇಡ. ಖಾರ ಬೇಕೆನ್ನುವವರು ಒಂದು ಒಣಮೆಣಸಿನಕಾಯಿ ಮುರಿದು ಹಾಕಲಿ. ದಕ್ಷಿಣ ಇಟಲಿಯ ಕಲಾಬ್ರಿಯಾದವರೂ ಖಾರಪ್ರಿಯರೇ.

ಈಗ ಉಂಡೆ. ಅಂಗೈಗೆ ನೀರು ಸವರಿಕೊಂಡು ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಕಟ್ಟಿ. ಲಡ್ಡು ಕಟ್ಟುವಾಗ ಒತ್ತುವಂತೆ ಒತ್ತಬೇಡಿ, ಉರುಳಿಸಿದರೆ ಸಾಕು. ಮಿಶ್ರಣ ನಮ್ಮ ಕೋಫ್ತಾಕ್ಕಿಂತ ಮೆತ್ತಗೆ ಅನಿಸುತ್ತದೆ. ಅದು ಹಾಗೇ ಇರಬೇಕು. ಉಂಡೆ ನಿಲ್ಲುವುದೇ ಇಲ್ಲವೆಂದಾದರೆ ಮಾತ್ರ ಒಂದೆರಡು ಚಮಚ ಬ್ರೆಡ್ ಪುಡಿ ಸೇರಿಸಿ ಹತ್ತು ನಿಮಿಷ ಬಿಡಿ.

ಬಾಣಲೆಯಲ್ಲಿ ಅರ್ಧ ಬೆರಳು ಎಣ್ಣೆ ಕಾಯಿಸಿ, ಉಂಡೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು ಹೊರಮೈ ಕಂದಾಗುವವರೆಗೆ ಹುರಿಯಿರಿ. ಒಂದು ಮಗ್ಗುಲಿಗೆ ಎರಡು ಮೂರು ನಿಮಿಷ. ಒಳಗೆ ಬೇಯುವುದು ಸಾಸ್‌ನಲ್ಲಿ, ಇಲ್ಲಿ ಬೇಕಾದದ್ದು ಹುರಿದ ಪರಿಮಳ ಮಾತ್ರ. ಎಣ್ಣೆ ಕಡಿಮೆ ಬಳಸುವವರು 220 ಡಿಗ್ರಿಯ ಓವನ್‌ನಲ್ಲಿ 12ರಿಂದ 15 ನಿಮಿಷ ಇಡಬಹುದು. ಹುರಿಯದೆ ನೇರವಾಗಿ ಸಾಸ್‌ಗೆ ಬಿಡುವ ಪದ್ಧತಿಯೂ ಇದೆ. ಆ ಉಂಡೆ ಎಲ್ಲಕ್ಕಿಂತ ಮೆತ್ತಗಿರುತ್ತದೆ. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೂ ಪುಟ್ಟ ಮಕ್ಕಳಿಗೂ ಅದು ಹಿತ.

ಹುರಿದ ಬಾಣಲೆಯ ಎಣ್ಣೆ ಬಸಿದು, ಅರ್ಧ ಲೋಟ ಬಿಸಿನೀರು ಮತ್ತು ಸಿರ್ಕಾ ಹಾಕಿ, ತಳದಲ್ಲಿ ಅಂಟಿದ್ದನ್ನು ಮರದ ಸೌಟಿನಿಂದ ಕೆರೆದು ಸಾಸ್‌ಗೆ ಸುರಿಯಿರಿ. ಉಂಡೆಗಳನ್ನು ಸಾಸ್‌ನಲ್ಲಿ ಒಂದೇ ಪದರವಾಗಿ ಇಳಿಸಿ, ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬೇಯಿಸಿ. ಮೊದಲ ಹತ್ತು ನಿಮಿಷ ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಅಲುಗಾಡಿಸಿ. ಕೊನೆಗೆ ಬೇಸಿಲ್ ಎಲೆ ಚಿವುಟಿ ಹಾಕಿ, ಒಲೆ ಆರಿಸಿ ಹದಿನೈದು ನಿಮಿಷ ಹಾಗೇ ಬಿಡಿ. ಆ ಹೊತ್ತಿನಲ್ಲಿ ಉಂಡೆ ಬಿಟ್ಟುಕೊಟ್ಟ ರಸವನ್ನು ಸ್ವಲ್ಪ ಮರಳಿ ಹೀರುತ್ತದೆ. ಒಂದನ್ನು ಚಮಚದ ಅಂಚಿನಿಂದ ಒತ್ತಿ ನೋಡಿ. ಚಾಕು ಬೇಡದೆ ಎರಡಾಗಿ, ಒಳಗೆ ಕೆಂಪು ಕಾಣದಿದ್ದರೆ ಅಡುಗೆ ಹದಕ್ಕೆ ಬಂದಿದೆ.

ಬಡಿಸುವುದು, ಉಳಿಸುವುದು, ಹಂಚುವುದು

ಇಟಲಿಯಲ್ಲಿ ತಟ್ಟೆಯಲ್ಲಿ ಉಳಿದ ಸಾಸನ್ನು ರೊಟ್ಟಿಯ ಚೂರಿನಿಂದ ಒರೆಸಿ ತಿನ್ನುತ್ತಾರೆ. ಅದಕ್ಕೆ 'ಪುಟ್ಟ ಚಪ್ಪಲಿ' ಎಂಬ ಅರ್ಥದ ಒಂದು ಹೆಸರೇ ಇದೆ. ತಟ್ಟೆಯಲ್ಲಿ ಏನೂ ಬಿಡದೆ ಉಣ್ಣುವುದನ್ನು ಚಿಕ್ಕಂದಿನಿಂದ ಕಲಿತ ನಮಗೆ ಈ ಅಭ್ಯಾಸ ಹೊಸದೆನಿಸದು. ಪಾವ್, ಚಪಾತಿ, ನೀರುದೋಸೆ, ಬಿಳಿ ಅನ್ನ, ಯಾವುದರ ಜೊತೆಗಾದರೂ ಇದು ಹೊಂದುತ್ತದೆ. ಶಾವಿಗೆಯ ಜೊತೆ ಬೇಕೆನ್ನುವ ಮಕ್ಕಳಿಗೆ ಬೇಯಿಸಿದ ಸ್ಪಾಗೆಟ್ಟಿಯನ್ನು ಮೊದಲು ಸಾಸ್‌ನಲ್ಲಿ ಕಲಸಿ, ಮೇಲೆ ಉಂಡೆ ಇಡಿ.

ಲೆಕ್ಕವನ್ನೂ ನೋಡೋಣ. ಅರ್ಧ ಕಿಲೊ ಖೀಮಾಕ್ಕೆ ರೊಟ್ಟಿ, ಹಾಲು, ಮೊಟ್ಟೆ, ಚೀಸ್, ಈರುಳ್ಳಿ ಸೇರಿದಾಗ ಸುಮಾರು 900 ಗ್ರಾಂ ಮಿಶ್ರಣವಾಗುತ್ತದೆ. ತಲೆಗೆ ನಾಲ್ಕು ಉಂಡೆಯಂತೆ ಆರು ಜನರಿಗೆ ಬರುತ್ತದೆ. ಒಬ್ಬೊಬ್ಬರ ಪಾಲಿಗೆ ಬರುವ ಮಾಂಸ 100 ಗ್ರಾಂಗೂ ಕಡಿಮೆ. ಡಬ್ಬದಲ್ಲಿ ಒಣಗಿ ಕಸಕ್ಕೆ ಹೋಗಬೇಕಿದ್ದ ಬ್ರೆಡ್ ಇಲ್ಲಿ ಕೆಲಸಕ್ಕೆ ಬಂತು. ಅನ್ನವನ್ನು ಪೋಲು ಮಾಡಬಾರದೆಂದು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ಆ ಮಾತು ಅಡುಗೆಮನೆಗೆ ಇಳಿಯುವುದು ಇಂಥ ಸಣ್ಣ ಕೆಲಸಗಳಲ್ಲಿ.

ಮಾಂಸವೇ ಇಲ್ಲದ ದಿನಕ್ಕೂ ಇಟಲಿಯ ಬಡವರು ದಾರಿ ಕಂಡುಕೊಂಡಿದ್ದರು. ಅಬ್ರುಝ್ಝೊದಲ್ಲಿ ಹಳೆಯ ರೊಟ್ಟಿ, ತುರಿದ ಚೀಸ್, ಮೊಟ್ಟೆ ಇಷ್ಟನ್ನೇ ಕಲಸಿ ಉಂಡೆ ಕಟ್ಟಿ, ಹುರಿದು, ಇದೇ ಟೊಮೆಟೊ ಸಾಸ್‌ನಲ್ಲಿ ಬೇಯಿಸುತ್ತಾರೆ. ದಕ್ಷಿಣದ ಕೆಲವೆಡೆ ಮಾಂಸದ ಬದಲು ಬೇಯಿಸಿದ ಬದನೆಕಾಯಿ ಬಳಸುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಇವು ನಮಗೂ ಉಪಯೋಗಕ್ಕೆ ಬಂದಾವು.

ಈ ಅಡುಗೆ ಮರುದಿನ ಇನ್ನೂ ರುಚಿ. ಆರಿದ ಕೂಡಲೇ, ಎರಡು ಗಂಟೆಯೊಳಗೆ, ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ಇಡಬಹುದು. ಹುರಿದ ಉಂಡೆಗಳನ್ನು ಸಾಸ್ ಸಮೇತ ಫ್ರೀಝರ್‌ನಲ್ಲಿ ಎರಡು ತಿಂಗಳು ಇಡಬಹುದು. ರಮಝಾನ್‌ಗೆ ಮುಂಚೆ ಮಾಡಿಟ್ಟರೆ ಇಫ್ತಾರ್ ಹೊತ್ತಿನ ಧಾವಂತ ತಪ್ಪುತ್ತದೆ. ಬಕ್ರೀದ್ ಮುಗಿದ ವಾರ, ಮನೆಯಲ್ಲಿ ಮಾಂಸವಿದ್ದು ಅದೇ ಅದೇ ಸಾರು ತಿಂದು ಬೇಸರವಾದಾಗಲೂ ಇದನ್ನು ಮಾಡಿ ನೋಡಬಹುದು.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಗೆ ಹಾಕಿ ನೆರೆಮನೆಯವರನ್ನೂ ನೆನೆಯಬೇಕೆಂದು ಪ್ರವಾದಿ(ಸ)ರವರು ತಮ್ಮ ಸಂಗಾತಿ ಅಬೂ ಝರ್(ರ)ರಿಗೆ ಉಪದೇಶಿಸಿದ್ದರು. ಟೊಮೆಟೊ ಸಾಸ್ ಒಂದು ಲೋಟ ಜಾಸ್ತಿಯಾದರೆ ನಷ್ಟವೇನಿಲ್ಲ. 24 ಉಂಡೆಗಳಲ್ಲಿ ನಾಲ್ಕನ್ನು ಮುಚ್ಚಿದ ಬಟ್ಟಲಿನಲ್ಲಿ ಪಕ್ಕದ ಮನೆಗೆ ಕಳಿಸಿ. ಮಾಂಸ ತಿನ್ನದ ನೆರೆಯವರಿಗಾದರೆ, ಉಂಡೆ ಇಳಿಸುವ ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟ ಸಾಸ್ ಕಳಿಸಿ. ದೋಸೆಗೂ ಅದು ಚೆನ್ನ.